ರೋಬೋ ಓಟಿಯಲ್ಲಿ ಹೊರೆ ಯಾರ ಹೆಗಲಿಗೆ? ಅಳೆಯುವ, ಇಳಿಸುವ ಕ್ರಮ

ಕನ್ಸೋಲ್ ಎಂಬ ನಿಯಂತ್ರಣ ಪೀಠದಲ್ಲಿ ಕುಳಿತು ಯಂತ್ರದ ತೋಳುಗಳನ್ನು ಆಡಿಸುವ ರೋಬೋಟಿಕ್ ಶಸ್ತ್ರಚಿಕಿತ್ಸೆ ಬಂದ ಮೇಲೆ ಸರ್ಜನ್‌ಗೆ ಕುರ್ಚಿ ಸಿಕ್ಕಿತು. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳಿಂದ ಮಾಡುವ ಶಸ್ತ್ರಚಿಕಿತ್ಸೆ) ನಾಲ್ಕು ತಾಸು ನಿಂತು, ಮೊಣಕೈ ಎತ್ತಿ ಹಿಡಿದು, ಕತ್ತು ಓರೆ ಮಾಡಿಕೊಂಡು ಪಡುತ್ತಿದ್ದ ಪಾಡು ಬಹುಮಟ್ಟಿಗೆ ತಪ್ಪಿತು. ಆ ದಣಿವು ಓಟಿಯನ್ನೇ (ಆಪರೇಷನ್ ಥಿಯೇಟರ್) ಬಿಟ್ಟು ಹೋಯಿತು ಅಂದುಕೊಂಡರೆ ಮಾತ್ರ ಲೆಕ್ಕ ತಪ್ಪುತ್ತದೆ. ಟೇಬಲ್ ಪಕ್ಕದ ಅಸಿಸ್ಟೆಂಟ್ ಯಂತ್ರದ ತೋಳುಗಳ ಸಂದಿಯಲ್ಲಿ ಸೊಂಟ ತಿರುಚಿ ನಿಂತಿರುತ್ತಾರೆ. ಕೈ ತೊಳೆದು ಗೌನ್ ತೊಟ್ಟು ಸಾಮಾನು ಕೊಡುವ ಸ್ಕ್ರಬ್ ಸಿಸ್ಟರ್‌ಗೆ ಸರ್ಜನ್ ಮುಖ ಕಾಣುವುದಿಲ್ಲ, ಸ್ಪೀಕರ್‌ನಿಂದ ಬರುವ ದನಿಯೇ ಗತಿ. ಅನೆಸ್ಥೆಸಿಯಾದವರಿಗೆ ರೋಗಿಯ ಮುಖವೇ ಕೈಗೆ ಎಟುಕದು. ಇನ್ನು ಕನ್ಸೋಲ್‌ನಲ್ಲಿ ಹಣೆ ಒತ್ತಿ ಕುಳಿತವರಿಗೆ ಮೈ ಹಗುರ, ತಲೆ ಭಾರ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ರೋಬೋ ಓಟಿ ನಡೆಸುವ ಇಲ್ಲವೇ ಶುರು ಮಾಡಲಿರುವ ತಂಡಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಕ್ರಮ ಬರೆದಿದೆ. ಇಂಥ ಊರುಗಳ ತಂಡಕ್ಕೆ ಮೂರು ಕಷ್ಟ ಸಾಮಾನ್ಯ. ತಂಡ ಚಿಕ್ಕದು, ತರಬೇತಿ ಪಡೆದ ಒಬ್ಬ ಸಿಸ್ಟರ್ ರಜೆ ಹಾಕಿದರೆ ಬದಲಿ ಸಿಗುವುದಿಲ್ಲ. ಕಂಪನಿಯ ಎಂಜಿನಿಯರ್ ಬೆಂಗಳೂರಿನಲ್ಲಿದ್ದರೆ 400 ಕಿ.ಮೀ. ದೂರದ ಮಾತು. ವಾರಕ್ಕೆ ಒಂದೋ ಎರಡೋ ಕೇಸು ನಡೆಯುವಲ್ಲಿ ಒಮ್ಮೆ ಕಲಿತ ಡಾಕಿಂಗ್ (ಯಂತ್ರದ ತೋಳುಗಳನ್ನು ರೋಗಿಯ ಮೈಗೆ ಜೋಡಿಸುವ ಕೆಲಸ) ಮುಂದಿನ ಕೇಸಿನ ಹೊತ್ತಿಗೆ ಅರ್ಧ ಮರೆತಿರುತ್ತದೆ.

ಮೊದಲು ಅಳೆಯಿರಿ: ಆರು ಗೆರೆ, ಒಂದು ಹಾಳೆ

'ಎಲ್ಲಾರಿಗೂ ಭಾಳ ಟೆನ್ಶನ್ ಆಗೇತಿ' ಅನ್ನುವ ಮಾತಿನಿಂದ ಏನನ್ನೂ ತಿದ್ದಲಾಗದು. ಯಾರಿಗೆ, ಯಾವ ಬಗೆಯದು, ಯಾವ ಹೊತ್ತಿಗೆ ಎಂಬುದು ಗೊತ್ತಾಗಬೇಕು. ಅದಕ್ಕೆ ಹೊಸ ಉಪಕರಣವೇನೂ ಬೇಡ. ನಾಸಾದಲ್ಲಿ ರೂಪುಗೊಂಡು 1988ರಲ್ಲಿ ಪ್ರಕಟವಾದ ನಾಸಾ-ಟಿಎಲ್‌ಎಕ್ಸ್ ಎಂಬ ಒಂದು ಪುಟದ ಪ್ರಶ್ನಾವಳಿ ಸಾಕು. ಅದರಲ್ಲಿ ಆರು ಗೆರೆಗಳಿವೆ. ಪ್ರತಿ ಗೆರೆ 0ಯಿಂದ 100ರವರೆಗೆ, ಐದೈದರ ಗುರುತಿನೊಂದಿಗೆ. ಶಸ್ತ್ರಚಿಕಿತ್ಸೆಗೆಂದೇ ತಿದ್ದಿದ ಸರ್ಜ್-ಟಿಎಲ್‌ಎಕ್ಸ್ 2011ರಲ್ಲಿ ಬಂತು. ಅದರಲ್ಲಿ ಕೆಲಸದ ಜಟಿಲತೆ, ಸನ್ನಿವೇಶದ ಒತ್ತಡ, ಗಮನ ಕದಲಿಸುವ ಸಂಗತಿಗಳಿಗೂ ಗೆರೆಗಳಿವೆ. ಕೈ ಕೂರುವವರೆಗೆ ಹಳೆಯದೇ ಸಾಕು.

ಹಾಳೆಯನ್ನು ಕನ್ನಡದಲ್ಲೇ ಮಾಡಿಕೊಳ್ಳಿ. ಪ್ರಶ್ನೆಗಳು ಹೀಗಿರಲಿ:

- ಮಾನಸಿಕ ಹೊರೆ: ಎಷ್ಟು ಯೋಚಿಸಬೇಕಾಯಿತು, ನೆನಪಿಡಬೇಕಾಯಿತು, ಕಣ್ಣಿಟ್ಟು ನೋಡಬೇಕಾಯಿತು?
- ದೈಹಿಕ ಹೊರೆ: ನಿಲ್ಲುವುದು, ಬಾಗುವುದು, ಎಳೆಯುವುದು, ಹಿಡಿದಿರುವುದು ಎಷ್ಟು?
- ಸಮಯದ ಒತ್ತಡ: ಎಷ್ಟು ಅವಸರ ಆದಂತೆ ಅನ್ನಿಸಿತು?
- ಕೆಲಸ ಆದ ರೀತಿ: ನಿಮ್ಮ ಪಾಲಿನ ಕೆಲಸ ಎಷ್ಟು ಸರಿಯಾಗಿ ಆಯಿತು?
- ಶ್ರಮ: ಅಷ್ಟನ್ನು ಮಾಡಲು ಎಷ್ಟು ಪ್ರಯಾಸಪಟ್ಟಿರಿ?
- ಕಿರಿಕಿರಿ: ಸಿಟ್ಟು, ಅಳುಕು, ಬೇಸರ ಎಷ್ಟಿತ್ತು?

ನಾಲ್ಕನೆಯ ಗೆರೆಯೇ ಎಡವಟ್ಟು ಮಾಡುವುದು. ಅಲ್ಲಿ 0 ಅಂದರೆ ಚೆನ್ನಾಗಿ ಆಯಿತು, 100 ಅಂದರೆ ಪೂರ್ತಿ ಕೆಟ್ಟಿತು. ಪರೀಕ್ಷೆಯ ಅಂಕದ ರೂಢಿಯಲ್ಲಿ 'ಚಲೋ ಆತು' ಎಂದು 90ಕ್ಕೆ ಗೀಟು ಹಾಕುವವರೇ ಹೆಚ್ಚು. ಆದ್ದರಿಂದ ಅಂಕಿ ಅಚ್ಚು ಹಾಕದೆ ಗೆರೆಯ ಎಡ ತುದಿಯಲ್ಲಿ 'ಪೂರ್ತಿ ಸರಿಯಾಯಿತು', ಬಲ ತುದಿಯಲ್ಲಿ 'ಪೂರ್ತಿ ಕೆಟ್ಟಿತು' ಎಂದು ಬರೆಯಿರಿ. ಮೂಲ ವಿಧಾನದಲ್ಲಿ ಆರನ್ನೂ ಜೋಡಿ ಜೋಡಿಯಾಗಿ ಹೋಲಿಸಿ, ಒಟ್ಟು 15 ಜೋಡಿಗಳಿಂದ ತೂಕ ಕಟ್ಟುವ ಭಾಗವೂ ಇದೆ. ದಣಿದವರಿಂದ ಅದನ್ನು ಮಾಡಿಸಲು ಹೋಗಬೇಡಿ. ತೂಕ ಬಿಟ್ಟು ಆರರ ಸರಾಸರಿ ತೆಗೆಯುವುದೂ ಬಳಕೆಯಲ್ಲಿರುವ ಕ್ರಮವೇ.

ಆದರೆ ಸರಾಸರಿ ನೋಡಿ ಸುಮ್ಮನಾಗಬೇಡಿ. ಲೆಕ್ಕಕ್ಕೊಂದು ಉದಾಹರಣೆ ತೆಗೆದುಕೊಳ್ಳೋಣ. ಸರ್ಜನ್ ಹಾಳೆಯಲ್ಲಿ ಕ್ರಮವಾಗಿ 70, 25, 60, 30, 55, 60 ಇದೆ ಅನ್ನಿ. ಕೂಡಿದರೆ 300, ಸರಾಸರಿ 50. ಅಸಿಸ್ಟೆಂಟ್ ಹಾಳೆಯಲ್ಲಿ 45, 80, 55, 30, 70, 20. ಅದೂ 300, ಅದೂ 50. ಅಂಕಿ ಒಂದೇ, ರೋಗ ಬೇರೆ. ಮೊದಲನೆಯವರಿಗೆ ಮದ್ದು ಮಾತಿನ ಶಿಸ್ತಿನಲ್ಲಿದೆ, ಎರಡನೆಯವರಿಗೆ ಕಾಲಡಿಯ ಮಣೆಯಲ್ಲಿ. ಹಾಗಾಗಿ ಹಾಳೆಗಳನ್ನು ಕೇಸಿನ ಪ್ರಕಾರ ಜೋಡಿಸದೆ ಪಾತ್ರದ ಪ್ರಕಾರ ಜೋಡಿಸಿ: ಸರ್ಜನ್, ಅಸಿಸ್ಟೆಂಟ್, ಸ್ಕ್ರಬ್, ಸರ್ಕ್ಯುಲೇಟಿಂಗ್ (ಗೌನ್ ಇಲ್ಲದೆ ಓಡಾಡಿ ನೆರವಾಗುವ ಸಿಸ್ಟರ್), ಅನೆಸ್ಥೆಸಿಯಾ. ಐದು ಕಟ್ಟು.

ಡ್ರೆಸಿಂಗ್ ಮುಗಿದ ಹದಿನೈದು ನಿಮಿಷದೊಳಗೆ, ಚಹಾಕ್ಕೆ ಹೋಗುವ ಮುನ್ನ ತುಂಬಿಸಿ. ಮರುದಿನ ತುಂಬಿದ ಹಾಳೆಯಲ್ಲಿ ಕೇಸಿನ ಕೊನೆಯ ಹತ್ತು ನಿಮಿಷದ ನೆನಪಷ್ಟೇ ಇರುತ್ತದೆ. ಹೆಸರು ಬೇಡ, ಪಾತ್ರ ಸಾಕು. ಹಾಳೆಗಳ ಫೈಲು ಸರ್ಜನ್ ಹತ್ತಿರ ಇರಬಾರದು. ಇದ್ದರೆ ಕಿರಿಕಿರಿಯ ಗೆರೆ ಎಲ್ಲರದ್ದೂ 10ಕ್ಕೆ ಇಳಿಯುತ್ತದೆ, ಅದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಇದರ ಜೊತೆಗೆ ಸರ್ಕ್ಯುಲೇಟಿಂಗ್ ಸಿಸ್ಟರ್ ಹತ್ತಿರ ಗೀಟು ಹಾಕುವ ಚೀಟಿಯೊಂದು ಇರಲಿ. ತೋಳುಗಳನ್ನು ಹೊತ್ತ ಗಾಡಿ ಟೇಬಲ್ ಕಡೆ ಹೊರಟಾಗಿನಿಂದ ಕೊನೆಯ ತೋಳು ಪೋರ್ಟ್‌ಗೆ (ಹೊಟ್ಟೆಯ ಗೋಡೆಯಲ್ಲಿ ಮಾಡಿದ ರಂಧ್ರ) ಕೂರುವವರೆಗಿನ ನಿಮಿಷ, ಇನ್‌ಸ್ಟ್ರುಮೆಂಟ್ ಬದಲಾವಣೆ ಎಷ್ಟು ಸಲ, ತೋಳಿಗೆ ತೋಳು ಬಡಿದದ್ದು ಎಷ್ಟು ಸಲ, ಬಾಗಿಲು ತೆರೆದದ್ದು ಎಷ್ಟು ಸಲ. ಕೊನೆಯದಾಗಿ 'ಏನ್ರೀ?', 'ಏನಂದ್ರಿ?' ಎಂದು ಯಾರಾದರೂ ಕೇಳಿದ್ದು ಎಷ್ಟು ಸಲ. ಈ ಕೊನೆಯ ಎಣಿಕೆ ಪುಕ್ಕಟೆ ಸಿಗುವ ಅಳತೆ, ಮತ್ತು ಎಲ್ಲಕ್ಕಿಂತ ಹೆಚ್ಚು ಮಾತಾಡುವ ಅಳತೆ. ಕೈಗಡಿಯಾರದ ನಾಡಿಬಡಿತ ನೋಡಿ ಒತ್ತಡ ಹೇಳುವ ಉಸಾಬರಿ ಬೇಡ. ನಿಂತರೆ, ಚಹಾ ಕುಡಿದರೆ, ಗೌನ್‌ನಲ್ಲಿ ಸೆಕೆಯಾದರೆ ಅದು ಏರುತ್ತದೆ.

ಒಂದೇ ಬಗೆಯ ಶಸ್ತ್ರಚಿಕಿತ್ಸೆಯ ಹತ್ತು ಕೇಸಿಗಾದರೂ ಹೀಗೆ ಅಳೆದ ಮೇಲೆಯೇ ಬದಲಾವಣೆಗೆ ಕೈ ಹಾಕಿ. ಪ್ರಾಸ್ಟೇಟ್ ಕೇಸನ್ನೂ ಪಿತ್ತಕೋಶದ ಕೇಸನ್ನೂ ಒಂದೇ ಕಟ್ಟಿಗೆ ಸೇರಿಸಿದರೆ ಯಾವ ಅಂಕಿಯೂ ನಿಲ್ಲದು.

ಹಿಂದಿನ ಸಂಜೆ

ಓಟಿಯೊಳಗಿನ ಅರ್ಧ ಕಿರಿಕಿರಿಯ ಬೇರು ಸಿಎಸ್‌ಎಸ್‌ಡಿಯಲ್ಲಿ (ಸಾಮಾನು ತೊಳೆದು ಕ್ರಿಮಿಶುದ್ಧ ಮಾಡುವ ವಿಭಾಗ) ಇರುತ್ತದೆ. ರೋಬೋ ಇನ್‌ಸ್ಟ್ರುಮೆಂಟ್‌ನ ಉದ್ದ ಕೊಳವೆಯೊಳಗೆ ಸಣ್ಣ ತಂತಿಗಳಿವೆ. ಒಳಗೆ ನೀರು ಹಾಯಿಸಿ ತೊಳೆಯಬೇಕು, ತುದಿಯ ಮಣಿಕಟ್ಟನ್ನು ಎಲ್ಲಾ ದಿಕ್ಕಿಗೆ ಆಡಿಸಿ ಉಜ್ಜಬೇಕು. ಸಾಮಾನ್ಯ ಲ್ಯಾಪರೊಸ್ಕೋಪಿ ಸಾಮಾನಿಗಿಂತ ಹೊತ್ತು ಹಿಡಿಯುತ್ತದೆ. ಒಂದೇ ಸೆಟ್ ಇಟ್ಟುಕೊಂಡು ದಿನಕ್ಕೆ ಎರಡು ಕೇಸು ಹಾಕಿದರೆ ಎರಡನೆಯ ಕೇಸಿನ ರೋಗಿ ಕಾಯುತ್ತಾರೆ, ಸಿಎಸ್‌ಎಸ್‌ಡಿ ಬ್ರದರ್‌ಗೆ ಫೋನಿನ ಮೇಲೆ ಫೋನು, ಒಣಗಿಸುವ ಹಂತ ಅವಸರದಲ್ಲಿ ಹಾರಿಹೋಗುತ್ತದೆ. ಪಟ್ಟಿ ಬರೆಯುವವರು ಒಮ್ಮೆ ಗಡಿಯಾರ ಹಿಡಿದು ಆ ಕೋಣೆಯಲ್ಲಿ ನಿಂತು, ತೊಳೆಯುವುದರಿಂದ ಆಟೋಕ್ಲೇವ್ ಆರುವವರೆಗೆ ಎಷ್ಟು ಹೊತ್ತು ಎಂದು ನೋಡಿ, ಆಮೇಲೆ ಎರಡನೆಯ ಕೇಸಿನ ವೇಳೆ ಬರೆಯಲಿ.

ಡಾ ವಿಂಚಿಯಂಥ ಯಂತ್ರದ ಇನ್‌ಸ್ಟ್ರುಮೆಂಟ್‌ಗೆ ಇಂತಿಷ್ಟು ಬಳಕೆ ಎಂಬ ಮಿತಿ ಇರುತ್ತದೆ, ಯಂತ್ರವೇ ಎಣಿಸುತ್ತದೆ. ಮಿತಿ ಮುಗಿದದ್ದನ್ನು ತೋಳಿಗೆ ಹಾಕಿದರೆ ಯಂತ್ರ ಒಪ್ಪುವುದಿಲ್ಲ. ಇದು ಕೇಸಿನ ನಡುವೆ ಗೊತ್ತಾದರೆ ಸರ್ಜನ್ ಸಿಟ್ಟು ಸಿಸ್ಟರ್ ಮೇಲೆ ಇಳಿಯುತ್ತದೆ. ಪ್ರತಿ ಕೇಸಿನ ಕೊನೆಗೆ ಉಳಿದ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡಿ. ಎರಡು ಉಳಿದಾಗಲೇ ಹೊಸದಕ್ಕೆ ಬರೆಯಿರಿ.

ವಿದ್ಯುತ್ತಿನ ಮಾತು. ಹೆಸ್ಕಾಂ ಲೈನ್ ಹೋಗಿ ಜನರೇಟರ್ ಹಿಡಿಯುವ ನಡುವಿನ ಸೆಕೆಂಡುಗಳಿಗೆ ಯುಪಿಎಸ್ ಇರುತ್ತದೆ. ಕನ್ಸೋಲ್, ರೋಗಿ ಪಕ್ಕದ ಗಾಡಿ, ವಿಷನ್ ಕಾರ್ಟ್ (ಕ್ಯಾಮೆರಾ ಚಿತ್ರದ ಗಾಡಿ) ಮೂರನ್ನೂ ಅದಕ್ಕೆ ಜೋಡಿಸಿರುತ್ತಾರೆ. ಬಿಟ್ಟುಹೋಗುವುದು ಸಾಮಾನ್ಯವಾಗಿ ಎರಡು: ಹೊಟ್ಟೆಗೆ ಗಾಳಿ ತುಂಬುವ ಇನ್ಸಫ್ಲೇಟರ್ ಮತ್ತು ಅಸಿಸ್ಟೆಂಟ್ ನೋಡುವ ಪರದೆ. ಗಾಳಿ ಇಳಿದರೆ ಹೊಟ್ಟೆಯ ಗೋಡೆ ಕೆಳಗೆ ಕೂರುತ್ತದೆ, ತೋಳುಗಳು ಮಾತ್ರ ಇದ್ದಲ್ಲೇ ಇರುತ್ತವೆ. ರೋಗಿ ಇಲ್ಲದ ದಿನ ಮೇನ್ ಸ್ವಿಚ್ ತೆಗೆದು ಯಾವುದು ಉರಿಯುತ್ತದೆ, ಯಾವುದು ಆರುತ್ತದೆ ನೋಡಿಬಿಡಿ.

ಬೆಳಿಗ್ಗೆ ಐದು ನಿಮಿಷ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷತಾ ಪಟ್ಟಿ ಎಲ್ಲಾ ಓಟಿಗೂ ಗೊತ್ತು. ರೋಬೋ ಕೇಸಿಗೆ ಅದರ ಜೊತೆ ನಾಲ್ಕು ಮಾತು ಸೇರಿಸಿ: ಗಾಡಿ ಯಾವ ಬದಿಯಿಂದ ಬರುತ್ತದೆ, ಯಾವ ನಂಬರ್ ತೋಳಿಗೆ ಯಾವ ಇನ್‌ಸ್ಟ್ರುಮೆಂಟ್, ಯಾವ ಹಂತದಲ್ಲಿ ಯಾರೂ ಮಾತಾಡಬಾರದು, ಎಂಥ ಸಂದರ್ಭದಲ್ಲಿ ಓಪನ್‌ಗೆ (ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಗೆ) ಹೋಗುತ್ತೇವೆ. ಕೊನೆಯದನ್ನು ಸರ್ಜನ್ ತಮ್ಮ ಬಾಯಿಂದಲೇ ಹೇಳಬೇಕು. ಹೇಳದೆ ಇದ್ದಾಗ ಓಪನ್ ಮಾಡುವುದು ಸೋಲಿನಂತೆ ಕಾಣುತ್ತದೆ, ಮತ್ತು ತಂಡ ಒಂದು ತಾಸು ತಡಮಾಡುತ್ತದೆ.

ಊಟದ ವಿಷಯವನ್ನೂ ಅಲ್ಲೇ ಕೇಳಿ. ಶ್ರಾವಣ ಸೋಮವಾರ ಉಪವಾಸ ಇದ್ದವರನ್ನು ಐದು ತಾಸಿನ ಕೇಸಿಗೆ ಟೇಬಲ್ ಪಕ್ಕ ನಿಲ್ಲಿಸುವ ಬದಲು ಆ ದಿನ ಸರ್ಕ್ಯುಲೇಟಿಂಗ್‌ಗೆ ಹಾಕಬಹುದು. ಕೇಳಿದರೆ ಹೇಳುತ್ತಾರೆ, ತಾವಾಗಿ ಹೇಳುವುದಿಲ್ಲ.

ಕನ್ಸೋಲ್ ಹೊಂದಿಸುವ ಕ್ರಮ

ಅನುಕ್ರಮ ತಪ್ಪಿದರೆ ಕತ್ತಿಗೆ ಪೆಟ್ಟು. ಮೊದಲು ಕುರ್ಚಿ, ಆಮೇಲೆ ಪೆಡಲ್, ಆಮೇಲೆ ಕಣ್ಣುಗೂಡು, ಕಡೆಗೆ ಕೈ ಊರುವ ಪಟ್ಟಿ. ಕುರ್ಚಿಗೆ ಗಾಲಿ ಇದ್ದರೆ ಬ್ರೇಕ್ ಬೇಕು, ಇಲ್ಲದಿದ್ದರೆ ಪೆಡಲ್ ಒತ್ತಿದಾಗಲೆಲ್ಲಾ ಹಿಂದಕ್ಕೆ ಜಾರಿ ಸರ್ಜನ್ ಮುಂದಕ್ಕೆ ಬಾಗುತ್ತಾರೆ. ಮೊಣಕಾಲು 90 ಡಿಗ್ರಿಯ ಆಸುಪಾಸು, ಹಿಮ್ಮಡಿ ನೆಲದ ಮೇಲೆ. ಕಣ್ಣುಗೂಡನ್ನು ಕತ್ತು 20 ಡಿಗ್ರಿಗಿಂತ ಹೆಚ್ಚು ಬಾಗದ ಹಾಗೆ ಎತ್ತಿ. ಹಣೆ ತಾಗಿದರೆ ಸಾಕು, ತಲೆಯ ಭಾರವನ್ನೆಲ್ಲಾ ಅದರ ಮೇಲೆ ಬಿಟ್ಟರೆ ಎರಡು ತಾಸಿಗೆ ಹಣೆಯ ಮೇಲೆ ಬರೆ, ಕತ್ತಿನ ಬುಡದಲ್ಲಿ ನೋವು. ಮುಂಗೈ ಪಟ್ಟಿಯ ಮೇಲೆ ಊರಿದಾಗ ಭುಜ ಮೇಲೇರಬಾರದು.

ಕೈ ಚಾಚಬೇಕಾಗಿ ಬಂದರೆ ತಪ್ಪು ಕ್ಲಚ್ ಬಳಕೆಯಲ್ಲಿದೆ. ಕ್ಲಚ್ ಪೆಡಲ್ ಒತ್ತಿದಾಗ ಕೈಹಿಡಿ ಸರಿದರೂ ಒಳಗಿನ ಇನ್‌ಸ್ಟ್ರುಮೆಂಟ್ ಸರಿಯದು. ಆಗ ಕೈಯನ್ನು ಮತ್ತೆ ಎದೆಯ ಮುಂದಕ್ಕೆ ತಂದುಕೊಳ್ಳಬೇಕು. ಹೊಸಬರು ಇದನ್ನು ಮರೆತು ಮೊಣಕೈ ಎತ್ತಿಯೇ ತಾಸುಗಟ್ಟಲೆ ಹೊಲಿಯುತ್ತಾರೆ. ಸಂಜೆ ಭುಜ ನೋವು ಬಂದಾಗ ಯಂತ್ರವನ್ನು ದೂರುತ್ತಾರೆ.

ಡಾ ವಿಂಚಿಯ ಹಲವು ಮಾದರಿಗಳಲ್ಲಿ ಕನ್ಸೋಲ್ ಮುಚ್ಚಿದ್ದು, ಸರ್ಜನ್ ತಲೆ ತೆಗೆದ ಕೂಡಲೇ ಸೆನ್ಸರ್ ಗುರುತಿಸಿ ತೋಳುಗಳನ್ನು ತಡೆಹಿಡಿಯುತ್ತದೆ. ಭಾರತದ್ದೇ ಆದ ಎಸ್‌ಎಸ್‌ಐ ಮಂತ್ರದಲ್ಲಿ ಕನ್ಸೋಲ್ ತೆರೆದದ್ದು, ಕನ್ನಡಕ ಹಾಕಿ ಎದುರಿನ ಪರದೆ ನೋಡುವುದು. ತೆರೆದದ್ದರಲ್ಲಿ ಕತ್ತಿಗೆ ಸ್ವಾತಂತ್ರ್ಯ, ಮಾತು ಕೇಳುವುದೂ ಸುಲಭ. ಆದರೆ ಅಕ್ಕಪಕ್ಕದ ಗದ್ದಲವೂ ಅಷ್ಟೇ ಸುಲಭವಾಗಿ ಗಮನ ಕದಿಯುತ್ತದೆ. ನಿಮ್ಮ ಯಂತ್ರ ಯಾವುದೋ, ಅಳತೆಯ ಹಾಳೆಯಲ್ಲಿ ಕತ್ತಿನ ದೂರು ಬರುತ್ತದೋ ಗದ್ದಲದ ದೂರು ಬರುತ್ತದೋ ನೋಡಿ ತಿದ್ದಿಕೊಳ್ಳಿ.

ಎಸಿಯ ಜಗಳವೂ ಇಲ್ಲಿಯದೇ. ಗೌನ್ ಇಲ್ಲದೆ ಅಲುಗದೆ ಕುಳಿತ ಸರ್ಜನ್‌ಗೆ ಚಳಿ, ಎರಡು ಪದರ ಗೌನ್‌ನಲ್ಲಿ ತೋಳುಗಳ ನಡುವೆ ನಿಂತ ಅಸಿಸ್ಟೆಂಟ್‌ಗೆ ಬೆವರು. 21 ಡಿಗ್ರಿಯಲ್ಲಿಟ್ಟು ಸರ್ಜನ್‌ಗೆ ಒಂದು ಜಾಕೆಟ್ ಕೊಡಿ. ಉಲ್ಟಾ ಮಾಡಲು ಬರುವುದಿಲ್ಲ, ಗೌನ್ ಕಳಚಿ ನಿಲ್ಲಲು ಸಾಧ್ಯವಿಲ್ಲವಲ್ಲ.

ಟೇಬಲ್ ಪಕ್ಕ

ತಂಡದಲ್ಲಿ ಎಲ್ಲರಿಗಿಂತ ಕಿರಿಯರನ್ನು ಇಲ್ಲಿ ನಿಲ್ಲಿಸುವ ರೂಢಿ ಇದೆ, ಪಿಜಿ ವಿದ್ಯಾರ್ಥಿಯೋ ಹೊಸ ಸಿಸ್ಟರೋ. ಕೆಲಸ ನೋಡಿದರೆ ಇದು ಕಿರಿಯರ ಜಾಗವಲ್ಲ. ರಕ್ತ ಹೀರುವ ಸಕ್ಷನ್, ಕ್ಲಿಪ್, ಸೂಜಿ ಕೊಡುವುದು, ಇನ್‌ಸ್ಟ್ರುಮೆಂಟ್ ಬದಲಿಸುವುದು, ಹೊರಗೆ ತೋಳು ರೋಗಿಯ ಕೈಗೋ ಮುಖಕ್ಕೋ ಒತ್ತುತ್ತದೆಯೇ ನೋಡುವುದು, ಎಲ್ಲವೂ ಒಬ್ಬರ ಮೇಲೆ. ಸರ್ಜನ್ ಕಣ್ಣಿಗೆ ಹೊಟ್ಟೆಯ ಒಳಗಷ್ಟೇ ಕಾಣುತ್ತದೆ. ಹೊರಗಿನ ಕಣ್ಣು ಇವರೇ.

ಮೊದಲು ಪೋರ್ಟ್ ಜಾಗ. ತೋಳು ಬಡಿದಾಟದ ಮೂಲ ಹೆಚ್ಚಾಗಿ ಅಲ್ಲಿರುತ್ತದೆ. ಡಾ ವಿಂಚಿ ಎಕ್ಸ್‌ಐನಲ್ಲಿ ಪೋರ್ಟ್‌ಗಳ ನಡುವೆ ಸುಮಾರು 8 ಸೆಂ.ಮೀ. ಬಿಡುವುದು ರೂಢಿ, ಅದೂ ಗಾಳಿ ತುಂಬಿದ ಮೇಲೆ ಅಳೆದು. ಗಾಳಿ ತುಂಬುವ ಮುನ್ನ ಗುರುತು ಹಾಕಿದರೆ ಹೊಟ್ಟೆ ಉಬ್ಬಿದಾಗ ಅಂತರ ಬದಲಾಗುತ್ತದೆ. ಪೋರ್ಟ್‌ನೊಳಗಿನ ಕೊಳವೆ, ಅಂದರೆ ಕ್ಯಾನ್ಯುಲಾ ಮೇಲಿನ ದಪ್ಪ ಕಪ್ಪು ಪಟ್ಟಿ ಹೊಟ್ಟೆಯ ಗೋಡೆಯ ಮಟ್ಟದಲ್ಲಿರಬೇಕು. ತೋಳು ತಿರುಗುವ ಕೇಂದ್ರಬಿಂದು ಅದೇ. ಜಾರಿ ಹೊರಬಂದರೆ ಪ್ರತಿ ಚಲನೆಗೂ ಗೋಡೆ ಹಿಗ್ಗುತ್ತದೆ, ಗಾಳಿ ಸೋರುತ್ತದೆ, ಅಸಿಸ್ಟೆಂಟ್ ಅದನ್ನು ಹಿಡಿದುಕೊಂಡೇ ನಿಲ್ಲಬೇಕಾಗುತ್ತದೆ.

ಆಮೇಲೆ ಮಣೆ. ಅಸಿಸ್ಟೆಂಟ್ ಪೋರ್ಟ್‌ಗೆ ಸಾಮಾನು ಹಾಕುವಾಗ ಮೊಣಕೈ ಸೊಂಟದ ಮಟ್ಟಕ್ಕೆ ಬರುವಷ್ಟು ಎತ್ತರ ಬೇಕು. ರೋಗಿಯ ತಲೆ ಕೆಳಗೆ ಮಾಡಿ 25ರಿಂದ 30 ಡಿಗ್ರಿ ಓರೆ ಇಟ್ಟಾಗ ಎತ್ತರದ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಮಣೆಯನ್ನು ಓರೆ ಮಾಡಿದ ಮೇಲೆ ಆರಿಸಿ. 10 ಮತ್ತು 15 ಸೆಂ.ಮೀ. ಎತ್ತರದ ಎರಡು ಅಗಲ ಮಣೆ ಬಡಗಿಯಿಂದಲೇ ಮಾಡಿಸಬಹುದು; ಮೇಲೆ ಜಾರದ ರಬ್ಬರ್ ಇರಲಿ, ತೊಳೆಯಲು ಬರುವಂತಿರಲಿ. ಕಿರಿದಾದ ಸ್ಟೂಲ್ ಬೇಡ, ಕಾಲು ಬದಲಿಸಲು ಜಾಗವಿಲ್ಲದೆ ಒಂದೇ ಕಾಲಿನ ಮೇಲೆ ಭಾರ ಬೀಳುತ್ತದೆ.

ಪರದೆ ಅಸಿಸ್ಟೆಂಟ್‌ನ ನೇರ ಮುಂದೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ. ವಿಷನ್ ಕಾರ್ಟ್ ತಂತಿ ಎಟುಕಿದಲ್ಲಿಗೆ ನಿಲ್ಲಿಸಿಬಿಟ್ಟರೆ ಅದು ಹೆಗಲ ಹಿಂದೆ ಉಳಿದು ಮೂರು ತಾಸು ಕತ್ತು ತಿರುಗಿಸಿರಬೇಕಾಗುತ್ತದೆ. ಇದೊಂದನ್ನು ಸರಿಪಡಿಸಿದರೆ ದೈಹಿಕ ಹೊರೆಯ ಗೆರೆ ಇಳಿಯುವುದು ಮುಂದಿನ ಕೇಸಿನಲ್ಲೇ ಕಾಣಬಹುದು.

ಅನೆಸ್ಥೆಸಿಯಾ ಬದಿಗೆ ಎರಡೇ ಮಾತು. ಡಾಕ್ ಆದ ಮೇಲೆ ಕೈ ಹೋಗದ ಕಡೆಯ ಔಷಧಿ, ಸಲೈನ್ ಲೈನ್‌ಗಳಿಗೆಲ್ಲಾ ಎಕ್ಸ್‌ಟೆನ್ಶನ್ ಮೊದಲೇ ಹಾಕಿ. ಗಾಳಿ ತುಂಬಿ ತಲೆ ಕೆಳಗೆ ಮಾಡಿದಾಗ ಶ್ವಾಸನಾಳದ ಟ್ಯೂಬ್ ಒಂದು ಬದಿಗೆ ಜಾರಬಹುದು, ಆದ್ದರಿಂದ ಓರೆ ಮಾಡಿದ ಮೇಲೆ, ಡಾಕಿಂಗ್‌ಗೆ ಮುನ್ನ ಎರಡೂ ಶ್ವಾಸಕೋಶದಲ್ಲಿ ಗಾಳಿಯಾಡುವುದನ್ನು ಮತ್ತೊಮ್ಮೆ ಕೇಳಲು ಸಮಯ ಕೊಡಿ. ಆ ಅರ್ಧ ನಿಮಿಷಕ್ಕೆ 'ಡಾಕ್ ಮಾಡೋಣೇನ್ರಿ?' ಎಂದು ಅವಸರಪಡಿಸಬಾರದು.

'ಆತ್ರಿ' ಎಂಬ ತೊಡಕು

ನಮ್ಮ ಕಡೆಯ ಓಟಿಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ಉತ್ತರ 'ಆತ್ರಿ'. ಇದಕ್ಕೆ ಎರಡು ಅರ್ಥ. 'ಸರಿ, ಮಾಡ್ತೀನಿ' ಎಂಬುದು ಒಂದು, 'ಮಾಡಿ ಮುಗಿಸಿದೆ' ಎಂಬುದು ಇನ್ನೊಂದು. ಮುಖ ಕಾಣುವಾಗ ಯಾವುದೆಂದು ತಿಳಿಯುತ್ತದೆ. ಕನ್ಸೋಲ್ ಒಳಗೆ ಕಣ್ಣಿಟ್ಟವರಿಗೆ ತಿಳಿಯುವುದಿಲ್ಲ. 'ನಂಬರ್ ಮೂರು ತಗೀರಿ' ಅಂದಾಗ 'ಆತ್ರಿ' ಬಂತು. ಇನ್‌ಸ್ಟ್ರುಮೆಂಟ್ ಹೊರಬಂತೆಂದು ತಿಳಿದು ಸರ್ಜನ್ ಕ್ಯಾಮೆರಾ ಸರಿಸುತ್ತಾರೆ. ಅದಿನ್ನೂ ಒಳಗೇ ಇದೆ. 'ಹ್ಞೂಂ ರೀ' ಕೂಡ ಇದೇ ಜಾತಿಯದು.

ರೋಬೋ ಓಟಿಯಲ್ಲಿ ಈ ಎರಡೂ ಪದಗಳನ್ನು ಕೈಬಿಡಿ. ಪ್ರತಿ ಮಾತಿಗೂ ಮೂರು ಹೆಜ್ಜೆ ಇರಲಿ:

'ಸಿಸ್ಟರ್, ನಂಬರ್ ಮೂರು ತಗೀರಿ.'
'ತಗೀಲಿಕತ್ತೇನ್ರಿ, ನಂಬರ್ ಮೂರು.'
'ಹೊರಗ ಬಂತ್ರಿ, ನಂಬರ್ ಮೂರು.'

ಮೂರನೆಯ ಸಾಲು ಕೇಳುವವರೆಗೆ ಸರ್ಜನ್ ಕೈ ಆಡಿಸಬಾರದು. ಮೊದಮೊದಲು ನಾಟಕದ ತಾಲೀಮಿನಂತೆ ಅನ್ನಿಸಿ ನಗು ಬರುತ್ತದೆ, ನಾಲ್ಕು ಕೇಸಿಗೆ ಬಾಯಿಪಾಠವಾಗುತ್ತದೆ. 'ಏನ್ರೀ?' ಎಣಿಕೆ ಇಳಿಯುವುದು ಇಲ್ಲಿಂದಲೇ.

ಎಡ-ಬಲವೂ ಹಾಗೆಯೇ. ಅಸಿಸ್ಟೆಂಟ್‌ನ ಎಡ, ರೋಗಿಯ ಎಡ, ಪರದೆಯ ಎಡ ಮೂರೂ ಬೇರೆ. ಒಳಗಿನ ಅಂಗದ ಮಾತಿಗೆ 'ರೋಗಿಯ ಎಡ', ಸಕ್ಷನ್ ಸರಿಸುವ ಮಾತಿಗೆ ಗಡಿಯಾರದ ಅಂಕಿ: 'ಎರಡು ಗಂಟೆ ಕಡೆ ಬರ್ರಿ'. ತೋಳುಗಳಿಗೆ ನಂಬರ್ ಮಾತ್ರ, 'ಆ ಕಡೇದು', 'ಮ್ಯಾಲಿಂದು' ನಡೆಯದು. 'ಸ್ವಲ್ಪ' ಎಂಬ ಪದವೂ ಮೋಸದ್ದೇ, ಒಬ್ಬರ ಸ್ವಲ್ಪ ಇನ್ನೊಬ್ಬರ ಬಹಳ. ಸೆಂಟಿಮೀಟರ್ ಹೇಳಿ.

ದೊಡ್ಡ ತೊಡಕು ಇನ್ನೊಂದಿದೆ: ಕಿರಿಯರು ಹಿರಿಯರಿಗೆ 'ನಿಲ್ಲಿಸಿ' ಅನ್ನುವುದು. ಸಿಸ್ಟರ್ ತೋಳು ರೋಗಿಯ ಮೊಣಕೈಗೆ ಒತ್ತುವುದನ್ನು ಕಂಡರೂ 'ಸರ್, ಒಂದ್ ನಿಮಿಷ್ರೀ...' ಎಂದು ಮೆಲ್ಲಗೆ ಹೇಳುತ್ತಾರೆ, ಸ್ಪೀಕರ್‌ನಲ್ಲಿ ಅದು ಕೇಳಿಸುವುದೇ ಇಲ್ಲ. ಮೂರು ಮೆಟ್ಟಿಲಿನ ಮಾತು ಮೊದಲೇ ಒಪ್ಪಿಕೊಳ್ಳಿ. ಮೊದಲನೆಯದು, 'ಸರ್, ನನಗ ಖಾತ್ರಿ ಇಲ್ರಿ.' ಎರಡನೆಯದು, 'ಇದು ಸರಿ ಕಾಣವಲ್ದ್ರಿ.' ಮೂರನೆಯದು ಒಂದೇ ಪದ, 'ನಿಲ್ಸ್ರಿ'. ಮೂರನೆಯದಕ್ಕೆ ಸರ್ಜನ್ ಕಾರಣ ಕೇಳದೆ ತಲೆ ಹೊರಗೆ ತೆಗೆಯಬೇಕು, ಕಾರಣ ಆಮೇಲೆ. ಒತ್ತುವುದು ಕಣ್ಣಿಗೇ ಕಂಡರೆ ಮೆಟ್ಟಿಲು ಹತ್ತುತ್ತಾ ಕೂರಬೇಡಿ, ನೇರ ಮೂರನೆಯದೇ. ಬೆಳಗಿನ ಐದು ನಿಮಿಷದಲ್ಲಿ ಸರ್ಜನ್ ಇದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ನಡೆಯುತ್ತದೆ. ಗೋಡೆಗೆ ಪೋಸ್ಟರ್ ಅಂಟಿಸಿದರೆ ನಡೆಯದು.

ಸ್ಪೀಕರ್ ಗಟ್ಟಿತನ, ಸಕ್ಷನ್ ಸದ್ದು, ಮೊಬೈಲ್ ರಿಂಗು. ಇವು ಹೇಳದೆಯೂ ಗೊತ್ತಿರುವವೇ, ಆದರೂ ಕೇಸಿಗೆ ಮುನ್ನ ಒಬ್ಬರು ಕನ್ಸೋಲ್‌ನಲ್ಲಿ ಮಾತಾಡಿ ಟೇಬಲ್ ಹತ್ತಿರ ಕೇಳುತ್ತದೆಯೇ ನೋಡಲು ಹತ್ತು ಸೆಕೆಂಡು ಸಾಕು.

ನಡುವಿನ ವಿರಾಮ

ನಲವತ್ತು ನಿಮಿಷಕ್ಕೊಮ್ಮೆ ಒಂದೂವರೆ ನಿಮಿಷ. ಹೊತ್ತು ನೋಡುವುದು ಸರ್ಕ್ಯುಲೇಟಿಂಗ್ ಸಿಸ್ಟರ್ ಕೆಲಸ, ಸರ್ಜನ್ ಕೆಲಸವಲ್ಲ. ಸರ್ಜನ್‌ಗೆ ಬಿಟ್ಟರೆ 'ಇದೊಂದು ಹೊಲಿಗೆ ಆಗಲಿ' ಎಂದು ಎರಡು ತಾಸು ಹೋಗುತ್ತದೆ. ರಕ್ತನಾಳ ಬಿಡಿಸುವ ನಡುವೆ ಕರೆಯಬಾರದು. 'ಹೊತ್ತಾತ್ರಿ, ಜಾಗ ಸಿಕ್ಕಾಗ ನಿಲ್ಸ್ರಿ' ಅಂದರೆ ಸಾಕು.

ಸರ್ಜನ್ ಇನ್‌ಸ್ಟ್ರುಮೆಂಟ್‌ಗಳ ಬಾಯಿ ಬಿಡಿಸಿ, ಎಲ್ಲಾ ತುದಿಗಳು ಕ್ಯಾಮೆರಾ ನೋಟದೊಳಗಿರುವಂತೆ ಇಟ್ಟು, ತಲೆ ಹೊರಗೆ ತೆಗೆಯಬೇಕು. ದೂರದ ಗೋಡೆ ನೋಡಿ ಕಣ್ಣಿಗೆ ಬಿಡುವು, ಕತ್ತು ಎರಡೂ ಕಡೆ ತಿರುಗಿಸುವುದು, ಭುಜ ಹಿಂದಕ್ಕೆ ಐದು ಸುತ್ತು, ಎದ್ದು ನಿಂತು ಬೆನ್ನು ಹಿಂದಕ್ಕೆ. ಸ್ಕ್ರಬ್ ಆದವರು ಕೈಯನ್ನು ಎದೆ ಮತ್ತು ಸೊಂಟದ ನಡುವೆಯೇ ಇಟ್ಟುಕೊಂಡು ಮಾಡಬಹುದಾದದ್ದು ಇಷ್ಟು: ಕತ್ತು ತಿರುಗಿಸುವುದು, ಭುಜ ಸುತ್ತುವುದು, ಅಂಗೈ ಜೋಡಿಸಿ ಮಣಿಕಟ್ಟು ಬಾಗಿಸುವುದು, ತುದಿಗಾಲ ಮೇಲೆ ಹತ್ತು ಸಲ ಏರಿಳಿಯುವುದು. ಕೈ ಮೇಲೆತ್ತಿ ಮೈ ಮುರಿದರೆ ಗೌನ್‌ನ ಶುದ್ಧತೆ ಹೋಯಿತು. ಮೂರು ತಾಸಿಗಿಂತ ದೊಡ್ಡ ಕೇಸಿನಲ್ಲಿ ಅಸಿಸ್ಟೆಂಟನ್ನು ಒಮ್ಮೆಯಾದರೂ ಬದಲಿಸಿ. ಬದಲಿ ಇಲ್ಲದ ತಂಡದಲ್ಲಿ ಸ್ಕ್ರಬ್ ಸಿಸ್ಟರ್ ಮತ್ತು ಅಸಿಸ್ಟೆಂಟ್ ಇಬ್ಬರೂ ಒಬ್ಬರ ಕೆಲಸ ಇನ್ನೊಬ್ಬರು ಕಲಿತಿರಬೇಕು.

ತುರ್ತು ಅನ್‌ಡಾಕಿಂಗ್ ತಾಲೀಮು

ತಂಡದ ಎದೆಯೊಳಗೆ ಸದಾ ಇರುವ ಅಳುಕು ಇದೇ: ಒಳಗೆ ರಕ್ತ ಚಿಮ್ಮಿದರೆ, ಹೃದಯ ನಿಂತರೆ? ತಾಲೀಮು ಮಾಡಿದ ತಂಡದ ಅಳುಕು ಹಾಳೆಯಲ್ಲೇ ಇಳಿಯುತ್ತದೆ. ತಿಂಗಳಿಗೊಮ್ಮೆ, ರೋಗಿ ಇಲ್ಲದೆ, ಗಡಿಯಾರ ಹಿಡಿದು:

1. ಅಪಾಯ ಕಂಡವರು 'ಅನ್‌ಡಾಕ್, ಅನ್‌ಡಾಕ್' ಎಂದು ಎರಡು ಸಲ ಗಟ್ಟಿಯಾಗಿ ಕೂಗಬೇಕು. ಸರ್ಕ್ಯುಲೇಟಿಂಗ್ ಸಿಸ್ಟರ್ ವೇಳೆ ಬರೆದು ಹೆಚ್ಚಿನ ಕೈ ಕರೆಯಬೇಕು.
2. ಸರ್ಜನ್ ಹಿಡಿದ ಅಂಗಾಂಶ ಬಿಟ್ಟು, ಇನ್‌ಸ್ಟ್ರುಮೆಂಟ್ ತುದಿ ನೇರ ಮಾಡಿ, ತಲೆ ತೆಗೆಯಬೇಕು. ರಕ್ತಸ್ರಾವವಿದ್ದರೆ ಒತ್ತಿ ಹಿಡಿದ ತೋಳು ಮತ್ತು ಕ್ಯಾಮೆರಾ ಕೊನೆಗೆ.
3. ಅಸಿಸ್ಟೆಂಟ್ ಒಂದೊಂದೇ ಇನ್‌ಸ್ಟ್ರುಮೆಂಟ್ ಹೊರತೆಗೆದು ನಂಬರ್ ಕೂಗಬೇಕು.
4. ತೋಳುಗಳನ್ನು ಕ್ಯಾನ್ಯುಲಾಗಳಿಂದ ಬಿಡಿಸಬೇಕು. ಕ್ಯಾನ್ಯುಲಾ ಹೊಟ್ಟೆಯಲ್ಲೇ ಇರಲಿ. ಹೃದಯ ನಿಂತಿದ್ದರೆ ಗಾಳಿ ಕೂಡಲೇ ಇಳಿಸಬೇಕು.
5. ತೋಳು ಎತ್ತಿ, ಬ್ರೇಕ್ ಬಿಡಿಸಿ, ಗಾಡಿ ಹಿಂದಕ್ಕೆ. ದಾರಿಯಲ್ಲಿ ತಂತಿ, ಬಕೆಟ್, ಮಣೆ ಇರಬಾರದು.
6. ಎಲ್ಲಾ ತೋಳು ಬಿಟ್ಟಿವೆ ಎಂದು ಕೂಗಿದ ಮೇಲೆಯೇ ಟೇಬಲ್ ಮಟ್ಟ ಮಾಡಬೇಕು. ಟೇಬಲ್ ಜೊತೆ ಹೊಂದಿ ಚಲಿಸುವ ಸೌಲಭ್ಯ ಇಲ್ಲದ ಯಂತ್ರದಲ್ಲಿ ತೋಳು ಸಿಕ್ಕಿರುವಾಗ ಟೇಬಲ್ ಆಡಿಸಿದರೆ ಹೊಟ್ಟೆಯ ಗೋಡೆ ಹರಿದೀತು.
7. ಓಪನ್ ಟ್ರೇ ಬಿಚ್ಚಬೇಕು. ಇದು ಮೊದಲಿನಿಂದ ಓಟಿಯೊಳಗೇ ಇರಬೇಕು, ಸ್ಟೋರ್‌ನಲ್ಲಲ್ಲ.

ತಾಲೀಮಿನಲ್ಲಿ ಹೊರಬೀಳುವ ದೊಡ್ಡ ಕೊರತೆ ಒಂದಿದೆ: ಕನ್ಸೋಲ್‌ನಲ್ಲಿ ಕುಳಿತ ಸರ್ಜನ್ ಸ್ಕ್ರಬ್ ಆಗಿರುವು‌ದಿಲ್ಲ. ಅವರು ಗೌನ್, ಗ್ಲೌಸ್ ಹಾಕಿ ಬರುವವರೆಗಿನ ಹೊತ್ತಿಗೆ ರಕ್ತಸ್ರಾವ ಒತ್ತಿ ಹಿಡಿಯಬಲ್ಲವರು ಟೇಬಲ್ ಪಕ್ಕದಲ್ಲಿರಬೇಕು. ತೀರಾ ಹೊಸಬರನ್ನು ಅಲ್ಲಿ ನಿಲ್ಲಿಸಬಾರದು ಅನ್ನುವುದು ಇದಕ್ಕೇ. ಸರ್ಜನ್ ಅಳತೆಯ ಗೌನ್, ಗ್ಲೌಸ್ ಕನ್ಸೋಲ್ ಹತ್ತಿರದ ಟ್ರಾಲಿಯಲ್ಲೇ ಇಡಿ.

ಯಂತ್ರವೇ ನಿಂತಾಗ ಬೇರೆ ತಾಲೀಮು. ಡಾ ವಿಂಚಿಯಲ್ಲಿ ತೋಳಿನ ಹಳದಿ ದೀಪ ಸರಿಪಡಿಸಿ ಮುಂದುವರಿಯಬಹುದಾದ ದೋಷ, ಕೆಂಪು ದೀಪ ಯಂತ್ರ ಮರಳಿ ಚಾಲೂ ಮಾಡಬೇಕಾದ ದೋಷ. ಇನ್‌ಸ್ಟ್ರುಮೆಂಟ್ ಅಂಗಾಂಶ ಕಚ್ಚಿಕೊಂಡೇ ನಿಂತರೆ ಎಮರ್ಜೆನ್ಸಿ ಸ್ಟಾಪ್ ಒತ್ತಿ, ಬಿಡಿಸುವ ಕೀಲಿಯಿಂದ ಬಾಯಿ ತೆರೆದು, ಕ್ಯಾಮೆರಾದಲ್ಲಿ ತೆರೆದದ್ದನ್ನು ಕಂಡ ಮೇಲೆಯೇ ಎಳೆಯಬೇಕು. ಆ ಕೀಲಿ ಎಲ್ಲಿದೆ ಎಂದು ಐವರಲ್ಲಿ ಯಾರನ್ನು ಕೇಳಿದರೂ ಕೈ ಮಾಡಿ ತೋರಿಸಬೇಕು. ಎಂಜಿನಿಯರ್ ಫೋನ್ ನಂಬರ್ ಯಂತ್ರದ ಮೈಮೇಲೆ ಅಂಟಿಸಿರಲಿ. ಯಾರದೋ ಮೊಬೈಲ್‌ನಲ್ಲಿದ್ದರೆ ಆ ಮೊಬೈಲ್ ಲಾಕರ್‌ನಲ್ಲಿರುತ್ತದೆ.

ಅಂಕಿಗಳನ್ನು ಓದುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಹತ್ತು ಕೇಸು ಅಳೆಯಿರಿ. ಮಣೆ, ಪರದೆ, ಮಾತಿನ ಕ್ರಮ ಎಲ್ಲವನ್ನೂ ಒಂದೇ ವಾರ ಬದಲಿಸಿದರೆ ಯಾವುದು ಕೆಲಸ ಮಾಡಿತು ತಿಳಿಯದು. ಕೈ ಪಳಗುತ್ತಾ ಹೋದಂತೆ ಏನೂ ಬದಲಿಸದಿದ್ದರೂ ಅಂಕಿ ಇಳಿಯುತ್ತದೆ, ಅದನ್ನೂ ಲೆಕ್ಕದಲ್ಲಿಡಿ. ಹೊಸ ಸಿಸ್ಟರ್ ಬಂದ ದಿನದಿಂದ ಅವರದ್ದು ಬೇರೆ ಕಟ್ಟು. ಒಬ್ಬರ ಹೊರೆ ಇಳಿದಾಗ ಇನ್ನೊಬ್ಬರದ್ದು ಏರಿತೇ ನೋಡಿ. ಡಾಕಿಂಗ್ ಹೊತ್ತು ಇಳಿಸಲು ಹೊರಟ ತಂಡದಲ್ಲಿ ತೋಳುಗಳಿಗೆ ಶುದ್ಧ ಹೊದಿಕೆ (ಡ್ರೇಪ್) ಹಾಕುವ ಸಿಸ್ಟರ್‌ನ ಸಮಯದ ಒತ್ತಡ ಏರಿದ್ದರೆ ಗಳಿಸಿದ್ದು ಏನೂ ಇಲ್ಲ. ಹೆಸರಿಲ್ಲದ ಹಾಳೆ ಶುರುವಾದ ಮೇಲೆ ಕಿರಿಕಿರಿಯ ಅಂಕಿ ಏರಿದರೆ ಗಾಬರಿ ಬೇಡ, ಜನ ನಿಜ ಬರೆಯತೊಡಗಿದ್ದಾರೆ.

ಕೆಲವರ ಅಂಕಿ ಮಣೆ ಬದಲಿಸಿದರೂ, ಮಾತು ತಿದ್ದಿದರೂ ಇಳಿಯದು. ಅಂಥಲ್ಲಿ ಡ್ಯೂಟಿ ಪಟ್ಟಿ ತೆಗೆದು ನೋಡಿ. ರಾತ್ರಿ ಪಾಳಿ ಮುಗಿಸಿ ನೇರ ರೋಬೋ ಕೇಸಿಗೆ ಬಂದಿದ್ದಾರೆಯೇ, ಗದಗಿನಿಂದ 60 ಕಿ.ಮೀ. ನಿತ್ಯ ಓಡಾಡುತ್ತಾರೆಯೇ, ತರಬೇತಿ ಪಡೆದವರು ಅವರೊಬ್ಬರೇ ಎಂದು ರಜೆಯನ್ನೇ ಕೊಟ್ಟಿಲ್ಲವೇ. ನಿದ್ದೆ ಕೆಟ್ಟು, ಕೇಸಿನ ಹಿಂದಿನ ದಿನ ಎದೆ ಡವಗುಟ್ಟುವುದು ಎರಡು ವಾರ ದಾಟಿದರೆ ಅದು ಓಟಿಯೊಳಗೆ ಸರಿಯಾಗುವ ಮಾತಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮುಖಾಮುಖಿ ತೋರಿಸಬೇಕೆಂದರೆ ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಗೆ ಹೋಗಲು ಬೇಕಾದ ಅರ್ಧ ದಿನದ ರಜೆಗೆ ಕಾರಣ ಬರೆಯಿರಿ ಎಂದು ಓಟಿ ಇನ್‌ಚಾರ್ಜ್ ಒತ್ತಾಯಿಸಬಾರದು. 'ವೈಯಕ್ತಿಕ' ಎಂದು ಬರೆದರೆ ಸಾಕು.